ಕೇಳುವವರಿಲ್ಲದ ಸೊಪ್ಪು ಕಳೆಯಾಗುತ್ತದೆ

ಶಿರಸಿಯ ಬಿಡ್ಕಿಬೈಲು ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರಾ ಗದ್ದುಗೆಯಾಗುತ್ತದೆ. ಉಳಿದ ದಿನಗಳಲ್ಲಿ ಅದೂ ಅದರ ಸುತ್ತಲಿನ ಓಣಿಗಳೂ ಘಟ್ಟದ ಮೇಲಿನ ಹಳ್ಳಿಗರ ತಂಗುದಾಣ. ಬೆಳಗಿನ ಬಸ್ಸು ಇಳಿದವರು ಅಡಿಕೆ ವ್ಯಾಪಾರಕ್ಕೆ, ಆಸ್ಪತ್ರೆಗೆ, ಕಚೇರಿಗೆ, ಕಾಲೇಜಿಗೆ ಎಂದು ಚದುರುವ ಮುನ್ನ ಇಲ್ಲಿಯ ಯಾವುದಾದರೊಂದು ಚಾದಂಗಡಿಯ ಬೆಂಚಿನ ಮೇಲೆ ಕುಳಿತೇ ಹೋಗುತ್ತಾರೆ. ಎರಡು ಬನ್ಸ್, ಒಂದು ಪ್ಲೇಟು ಅವಲಕ್ಕಿ, ಒಂದು ಲೋಟ ಚಹಾ ಅಥವಾ ಕಷಾಯ. ಸಂಜೆ ಜಿಟಿಜಿಟಿ ಮಳೆಯಲ್ಲಿ ಕೊನೆಯ ಬಸ್ಸಿಗೆ ಕಾಯುವವರ ಕೈಯಲ್ಲಿ ಬಿಸಿ ಮಿರ್ಚಿ ಭಜಿ. ಊರಿಂದೂರಿಗೆ ಸುದ್ದಿ ಮುಟ್ಟುವುದು, ಮದುವೆಯ ಮಾತು ಆರಂಭವಾಗುವುದು, ಅಡಿಕೆ ದರದ ಚರ್ಚೆ ಮುಗಿಯದೆ ಉಳಿಯುವುದು ಈ ಬೆಂಚುಗಳ ಮೇಲೆಯೇ. ತೋಟದ ಒಡೆಯರೂ ಕೊನೆಗೌಡರೂ ಒಂದೇ ಹಲಗೆಯ ಮೇಲೆ ಕುಳಿತು ತಿನ್ನುವ ಸ್ಥಳಗಳು ಮಲೆನಾಡಿನಲ್ಲಿ ಹೆಚ್ಚಿಲ್ಲ. ಈ ಬೀದಿಯ ಮೇಲೆ ಜನರಿಗಿರುವ ಪ್ರೀತಿಗೆ ಅದೂ ಒಂದು ಕಾರಣ.

ಜೋಗದ ದಾರಿಯಲ್ಲಿರುವ ಸಿದ್ದಾಪುರದ ಪೇಟೆಗೂ, ಹುಬ್ಬಳ್ಳಿ-ಅಂಕೋಲಾ ಹೆದ್ದಾರಿ ಹಾದುಹೋಗುವ ಯಲ್ಲಾಪುರಕ್ಕೂ ಇಂಥದೇ ಬೀದಿಗಳಿವೆ. ಅವುಗಳ ಚಾದಂಗಡಿ, ಖಾನಾವಳಿ, ಕೈಗಾಡಿಗಳ ಕುರಿತು ಪರಿಸರದ ಸಭೆಗಳಲ್ಲಿ ಮಾತು ಬರುವುದು ಅಪರೂಪ. ಬಂದರೂ ಅದು ಕಸದ ಪ್ರಸ್ತಾಪಕ್ಕೆ ಸೀಮಿತವಾಗಿರುತ್ತದೆ. ಆದರೆ ಈ ಮೂರು ತಾಲೂಕುಗಳ ತೋಟ, ಬೆಟ್ಟ ಮತ್ತು ಕಾಡಿನಲ್ಲಿ ಏನು ಉಳಿಯಬೇಕು, ಏನು ಅಳಿಯಬೇಕು ಎಂಬ ತೀರ್ಮಾನದಲ್ಲಿ ಈ ಬೀದಿಯ ತಟ್ಟೆಗೂ ಒಂದು ಪಾಲಿದೆ. ಅದನ್ನು ಗುರುತಿಸದಿದ್ದರೆ ಬೀದಿಯ ಮೇಲಿನ ಪ್ರೀತಿಯೂ ಕಾಡಿನ ಮೇಲಿನ ಪ್ರೀತಿಯೂ ಅರ್ಧವಾಗಿಯೇ ಉಳಿಯುತ್ತವೆ.

ಒಂದೆಲಗದ ಉದಾಹರಣೆ ಸಾಕು. ಅಡಿಕೆ ತೋಟದ ಹಸಿ ನೆಲದಲ್ಲಿ, ಕಾಲುವೆಯ ಅಂಚಿನಲ್ಲಿ ಯಾರೂ ನೆಡದೆ ಹಬ್ಬುವ ಪುಟ್ಟ ಸಸ್ಯವಿದು. ಒಂದು ಹಿಡಿ ಎಲೆ, ಸ್ವಲ್ಪ ಕಾಯಿತುರಿ, ಜೀರಿಗೆ, ಮಜ್ಜಿಗೆ ಸೇರಿದರೆ ತಂಬುಳಿ. ತಂಬುಳಿಗೆ ಒದಗುವ ಎಲೆಗಳು ಹಲವು; ದೊಡ್ಡಪತ್ರೆ, ಚೊಗಟೆ, ನೆಲನೆಲ್ಲಿ, ಬಗೆಬಗೆಯ ಗಿಡಗಳ ಎಳೆಯ ಕುಡಿ. ಮಳೆಗಾಲಕ್ಕೆ ಕೆಸುವು ಮತ್ತು ಕಳಲೆ, ಬೇಸಿಗೆಗೆ ಅಪ್ಪೆಹುಳಿ ಮತ್ತು ಹಲಸಿನ ಸೊಳೆ, ಆಲೆಮನೆಯ ದಿನಗಳಲ್ಲಿ ಮಗುಚಿದ ಗಡಿಗೆಯ ಮೇಲೆ ಕಬ್ಬಿನ ಹಾಲಿನ ಹಿಟ್ಟು ತೊಡೆದು ತೆಗೆಯುವ ತೊಡೆದೇವು. ಈ ತಿಳಿವಳಿಕೆ ಒಂದು ಸಮುದಾಯದ ಸ್ವತ್ತಲ್ಲ. ಹವ್ಯಕರ ಅಡುಗೆಮನೆಯಲ್ಲಿ ಒಂದು ಬಗೆ, ದೀವರು, ಕರೆ ಒಕ್ಕಲಿಗರು, ಸಿದ್ದಿಯರು ಮತ್ತು ಕುಣಬಿಯರಲ್ಲಿ ಬೇರೆ ಬೇರೆ ಬಗೆ.

ಮನೆಯೊಳಗೆ ಈ ಅಡುಗೆ ಕಡಿಮೆಯಾದಂತೆ ತೋಟದಲ್ಲೂ ಒಂದು ಬದಲಾವಣೆ ಆಗುತ್ತದೆ. ಸೊಪ್ಪು ಕೊಯ್ಯುವ ಕೈ ಇಲ್ಲವಾದ ಮೇಲೆ ಅದೇ ಒಂದೆಲಗ ‘ಕಳೆ’ಯ ಪಟ್ಟಿಗೆ ಸೇರುತ್ತದೆ. ಕೂಲಿಯಾಳು ಸಿಗದ ಕಾಲದಲ್ಲಿ ಕಳೆನಾಶಕದ ಕ್ಯಾನು ಸುಲಭವಾಗಿ ಕೈಗೆ ಬರುತ್ತದೆ. ಒಮ್ಮೆ ಸಿಂಪಡಿಸಿದರೆ ಆಹಾರವೂ ಔಷಧವೂ ಆಗಿದ್ದ ನೆಲದ ಹೊದಿಕೆ ಸುಟ್ಟು, ಮಲೆನಾಡಿನ ಮಳೆಗೆ ಬರಿಯ ಮಣ್ಣು ಮೈಯೊಡ್ಡುತ್ತದೆ. ಕೇಳುವವರಿದ್ದರೆ ಅದು ಸೊಪ್ಪು, ಕೇಳುವವರಿಲ್ಲದಿದ್ದರೆ ಕಳೆ. ಸಸ್ಯ ಒಂದೇ.

ಹಾಗಾದರೆ ಕಾಡಿನ ಉತ್ಪನ್ನಕ್ಕೆ ಮಾರುಕಟ್ಟೆ ದೊರೆತರೆ ಎಲ್ಲವೂ ಉಳಿಯುತ್ತದೆಯೇ? ಇಲ್ಲ ಎಂಬುದನ್ನು ಉಪ್ಪಾಗೆ ಕಲಿಸಿದೆ. ಹುಳಿಗೂ ತುಪ್ಪಕ್ಕೂ ಮನೆಮಟ್ಟಿಗೆ ಬಳಕೆಯಾಗುತ್ತಿದ್ದ ಈ ಹಣ್ಣಿನ ಒಣಸಿಪ್ಪೆಗೆ 1990ರ ದಶಕದಲ್ಲಿ ಬೊಜ್ಜು ಇಳಿಸುವ ಔಷಧಿಯ ಹೆಸರಿನಲ್ಲಿ ವಿದೇಶದಿಂದ ಬೇಡಿಕೆ ಬಂತು. ಪೈಪೋಟಿಯಲ್ಲಿ ಹಣ್ಣಾಗುವ ಮುನ್ನವೇ ಕಾಯಿ ಕಿತ್ತರು, ಟೊಂಗೆ ಕಡಿದರು. ಹಣ್ಣು ಮಳೆಗಾಲದಲ್ಲೇ ಬರುವುದರಿಂದ ಸಿಪ್ಪೆ ಒಣಗಿಸಲು ರಾಶಿರಾಶಿ ಕಟ್ಟಿಗೆ ಉರಿಯಿತು. ಉಪ್ಪಿನಕಾಯಿಯ ಬೇಡಿಕೆ ಏರಿದಾಗ ಹೊಳೆದಂಡೆಯ ಅಪ್ಪೆಮಿಡಿಯ ಮರಗಳೂ ಇದೇ ಸಂಕಟಕ್ಕೆ ಸಿಕ್ಕವು. ಮಿಡಿಗಾಗಿ ಟೊಂಗೆಯನ್ನೂ ಕೆಲವೆಡೆ ಮರವನ್ನೂ ಉರುಳಿಸಿದರು.

ದೂರದ ಮಾರುಕಟ್ಟೆ ಒಂದೇ ಬಗೆಯನ್ನು ಟನ್ನುಗಟ್ಟಲೆ ಕೇಳುತ್ತದೆ. ಊರಿನ ಬೀದಿ ಹತ್ತಾರು ಬಗೆಯನ್ನು ಹಿಡಿಹಿಡಿಯಾಗಿ ಕೇಳುತ್ತದೆ. ಖಾನಾವಳಿಯೊಂದಕ್ಕೆ ದಿನಕ್ಕೆ ಬೇಕಾದದ್ದು ಒಂದು ಬುಟ್ಟಿ ಸೊಪ್ಪು, ನಾಲ್ಕು ಬಾಳೆಕುಂಡಿಗೆ, ಒಂದು ಹೊರೆ ಬಾಳೆಲೆ. ಋತು ಬದಲಾದರೆ ಪದಾರ್ಥವೂ ಬದಲಾಗಬಹುದು. ಒಂದು ಗಿಡಕ್ಕೆ ವರ್ಷವಿಡೀ ಕತ್ತಿ ತಾಗುವುದಿಲ್ಲ. ಕೊಯ್ದು ತಂದವರಿಗೂ ತಿನ್ನುವವರಿಗೂ ಮುಖಪರಿಚಯ ಇರುವುದರಿಂದ ‘ಈ ವರ್ಷ ಫಸಲಿಲ್ಲ’ ಎಂಬ ಮಾತಿಗೂ ಅಲ್ಲಿ ಬೆಲೆಯಿದೆ. ಕಾಡಿನ ವೈವಿಧ್ಯಕ್ಕೆ ಹೊಂದುವ ಮಾರುಕಟ್ಟೆ ಎಂಬುದೊಂದು ಇದ್ದರೆ ಅದು ಇಂಥ ಬೀದಿಯೇ.

ಇಂದಿನ ತಟ್ಟೆ ಮಾತ್ರ ಬೇರೆ ಕತೆ ಹೇಳುತ್ತದೆ. ಮೈದಾ, ಪಾಮೆಣ್ಣೆ ಮತ್ತು ಸಕ್ಕರೆ, ಈ ಮೂರರ ಸುತ್ತಲೇ ಬೀದಿಯ ಬಹುಪಾಲು ತಿನಿಸು ಸುತ್ತುತ್ತಿದೆ. ಅತಿ ಕೆಂಪಾಗಿ ಕಾಣುವ ಗೋಬಿ ಮಂಚೂರಿಗೆ ಬೆರೆಸುತ್ತಿದ್ದ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಭಾರತ ಬಳಸುವ ಪಾಮೆಣ್ಣೆಯ ಬಹುಭಾಗ ಆಮದಿನದು. ಇಂಡೋನೇಷ್ಯಾ ಮತ್ತು ಮಲೇಷ್ಯಾ ಅದರ ಮುಖ್ಯ ಮೂಲ. ಆ ದೇಶಗಳಲ್ಲಿ ತಾಳೆತೋಟಕ್ಕಾಗಿ ವಿಶಾಲವಾದ ಮಳೆಕಾಡು ನೆಲಸಮವಾಗಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತರು. ಅದೇ ತಾಲೂಕಿನ ಬಾಣಲೆಯಲ್ಲಿ ಇಂದು ಇನ್ನೊಂದು ನಾಡಿನ ಕಾಡು ಕಡಿದ ನೆಲದ ಎಣ್ಣೆ ಕಾಯುತ್ತಿರಬಹುದು. ಕಣ್ಣೆದುರಿನ ಮರವನ್ನು ಅಪ್ಪುವುದು ಸಾಧ್ಯ. ಕಾಣದ ಮರವನ್ನು ಉಳಿಸಲು ತಟ್ಟೆಯನ್ನೇ ನೋಡಿಕೊಳ್ಳಬೇಕು.

ಚಹಾದ ಲೋಟವೂ ಬದಲಾಗಿದೆ. ಗಾಜಿನ ಲೋಟದ ಜಾಗಕ್ಕೆ ಬಂದ ಕಾಗದದ ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಬಿಡುಗಡೆಯಾಗುತ್ತವೆ ಎಂದು ಖರಗಪುರ ಐಐಟಿಯ ಸಂಶೋಧಕರು 2020ರಲ್ಲಿ ವರದಿ ಮಾಡಿದ್ದಾರೆ. ಬಾಳೆಲೆಯನ್ನು ದನ ತಿನ್ನುತ್ತದೆ, ಅಡಿಕೆ ಹಾಳೆಯ ತಟ್ಟೆಯನ್ನೂ ಮುತ್ತುಗದ ಎಲೆಯನ್ನೂ ಗೊಬ್ಬರದ ಗುಂಡಿ ತಿನ್ನುತ್ತದೆ. ಈ ಲೋಟವನ್ನು ತಿನ್ನುವವರಿಲ್ಲ. ಅದು ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸಾಗುತ್ತದೆ.

ಇದಕ್ಕೆಲ್ಲ ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ದಿನದ ಬಂಡವಾಳದಲ್ಲಿ ನಡೆಯುವ ಕೈಗಾಡಿಗೆ ಅಗ್ಗದ ಎಣ್ಣೆ ಅನಿವಾರ್ಯ. ಸೊಪ್ಪು ಆರಿಸಿ ತೊಳೆಯುವುದಕ್ಕಿಂತ ಮೈದಾ ಕಲಸುವುದು ಬೇಗ. ಲೋಟ ತೊಳೆಯಲು ನೀರೂ ಆಳೂ ಬೇಕು. ಇದೇ ಅಂಗಡಿಗಳು ಸೌದೆ ಒಲೆ ಬಿಟ್ಟು ಗ್ಯಾಸಿಗೆ ಬದಲಾದಾಗ ಕಾಡಿಗೆ ಲಾಭವೇ ಆಯಿತು ಎಂಬುದನ್ನು ಮರೆಯಬಾರದು. ಒಲೆ ಬದಲಾದಂತೆ ತಟ್ಟೆಯೂ ಬದಲಾದೀತು; ಆದರೆ ಅದರ ಖರ್ಚನ್ನು ಬಡ ವ್ಯಾಪಾರಿಯೊಬ್ಬನೇ ಹೊರಬೇಕೆಂದರೆ ಆಗದು.

ಮೊದಲನೆಯದಾಗಿ ಬೇಕಾದದ್ದು ಬೀದಿಯಲ್ಲಿ ನೆಲೆ. ನಾಳೆ ಎತ್ತಂಗಡಿಯಾದೀತು ಎಂಬ ಭಯದಲ್ಲಿರುವವರು ಗಾಜಿನ ಲೋಟ ಕೊಳ್ಳುವುದಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಪ್ರತಿ ಪಟ್ಟಣದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕೆಂದೂ ಅದರ ಸದಸ್ಯರಲ್ಲಿ ಕನಿಷ್ಠ ಶೇಕಡಾ 40ರಷ್ಟು ವ್ಯಾಪಾರಿಗಳೇ ಆಗಿರಬೇಕೆಂದೂ ಹೇಳುತ್ತದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ರಸ್ತೆ, ಚರಂಡಿ, ಸೌಂದರ್ಯೀಕರಣದ ಮಾತು ಬಂದಾಗಲೆಲ್ಲ ಪರಿಸರ ಕಾರ್ಯಕರ್ತರು ಈ ಕಾಯಿದೆಯನ್ನೂ ಕೈಯಲ್ಲಿ ಹಿಡಿದಿರಬೇಕು.

ಎರಡನೆಯದು ಹಳ್ಳಿಯಿಂದ ಬೀದಿಗೆ ಒಂದು ನಂಬಿಕೆಯ ಸರಬರಾಜು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ ಸಲ್ಲುವ ಗೌರವವದು. ಅದರ ಹಿಂದೆ ಸಹಕಾರಿ ಸಂಘದ ದುಡಿಮೆಯಿದೆ. ಅಡಿಕೆಗೆ ದರ ಕಟ್ಟುವಷ್ಟು ಬೆಳೆದ ಸಹಕಾರ ಪರಂಪರೆಗೆ ದಿನಕ್ಕೆ ಹತ್ತು ಬುಟ್ಟಿ ಸೊಪ್ಪು, ಬಾಳೆಲೆ, ಹಾಳೆತಟ್ಟೆ ಮತ್ತು ಕೊಬ್ಬರಿ ಎಣ್ಣೆಯನ್ನು ಖಾನಾವಳಿಗಳಿಗೆ ತಲುಪಿಸುವುದು ಕಷ್ಟದ ಕೆಲಸವಲ್ಲ. ಮಹಿಳಾ ಸ್ವಸಹಾಯ ಸಂಘಗಳಿಗೆ ಇದರಲ್ಲಿ ಆದಾಯವೂ ಇದೆ.

ಮೂರನೆಯದು ಗಿರಾಕಿಯ ಬಾಯಿ. ವಿದ್ಯಾರ್ಥಿಗಳು ಒಂದು ವಾರ ‘ಇವತ್ತು ಯಾವ ತಂಬುಳಿ ಇದೆ?’ ಎಂದು ಕೇಳುತ್ತ ಹೋದರೆ ಎರಡನೆಯ ವಾರ ಯಾವುದೋ ಒಂದು ಅಂಗಡಿಯ ಫಲಕದ ಮೇಲೆ ಅದರ ಹೆಸರು ಕಂಡೀತು. ಚೀಲದಲ್ಲಿ ಸ್ಟೀಲಿನ ಲೋಟ ಇಟ್ಟುಕೊಳ್ಳುವುದಕ್ಕೆ ಯಾವ ಸಭೆಯ ಠರಾವೂ ಬೇಡ. ಮನೆಯ ಅಜ್ಜಿಯರಿಂದ ಸೊಪ್ಪುಗಳ ಹೆಸರು, ಋತು ಮತ್ತು ಬಳಕೆಯನ್ನು ಬರೆದಿಡುವ ಕೆಲಸವನ್ನು ಶಾಲೆ ಕಾಲೇಜುಗಳು ಈ ಮಳೆಗಾಲದಲ್ಲೇ ಆರಂಭಿಸಬಹುದು.

ಘಟ್ಟದ ಮೇಲಿನವರು ಅಣೆಕಟ್ಟು, ಗಣಿ, ನೆಡುತೋಪುಗಳ ವಿರುದ್ಧ ದನಿ ಎತ್ತಿದ್ದಾರೆ. ‘ಬೇಡ’ ಎನ್ನುವ ಆ ಧೈರ್ಯ ದೊಡ್ಡದು. ಅದರ ಜೊತೆಗೆ ‘ಬೇಕು’ ಎಂದು ಕೇಳುವ ಅಭ್ಯಾಸವೂ ಬೆಳೆಯಬೇಕಾಗಿದೆ. ಬಿಡ್ಕಿಬೈಲಿನ ಬೆಂಚಿನ ಮೇಲೆ ಕುಳಿತವರು ಒಂದೆಲಗದ ತಂಬುಳಿ ಬೇಕೆಂದು ಕೇಳಿದ ದಿನ, ಎಲ್ಲೋ ಒಂದು ತೋಟದಲ್ಲಿ ಕಳೆನಾಶಕದ ಕ್ಯಾನು ಮೂಲೆಯಲ್ಲೇ ಉಳಿದೀತು.