ಬೀದರ ಒಡೆದು ‘ದರ’ ಆಯ್ತು

ಮಕ್ಕಳೇ, ರಜೆಗೆಂದು ಮೊಮ್ಮಗಳು ಭಾಲ್ಕಿಯಿಂದ ಬೀದರಿಗೆ ಬಂದಿದ್ದಳು. ಎಂಟನೇ ಇಯತ್ತೆ. ಟ್ರಂಕಿನಲ್ಲಿ ಅವಳಿಗೆ ಒಂದು ಕಟ್ಟು ಕಾಗದ ಸಿಕ್ಕಿತು. ನನ್ನ ಹೆಂಡತಿ ಔರಾದದ ತಂಗಿಗೆ ಬರೆದವು. ಆಕೆ ಹೋಗಿ ನಾಲ್ಕು ವರ್ಷವಾಯ್ತು. ತಂಗಿ ಜೋಪಾನ ಮಾಡಿ ಮರಳಿ ಕೊಟ್ಟಿದ್ದಳು.

“ಮುತ್ಯಾ, ಆಯಿ ಯಾವ ಮಾತು ಭಾಳ ಬರೀತಿದ್ಲು, ಎಣಸೂಣೇನು?”

ನಾನು ಓದಿದೆ, ಅವಳು ಟೈಪ್ ಮಾಡಿದಳು. ಎಣಿಸಲು ಮೊದಲು ಬರಹವನ್ನು ತುಂಡು ಮಾಡಬೇಕು. ಆ ತುಂಡಿಗೆ ಟೋಕನ್ ಅನ್ನುತ್ತಾರೆ. ಪೈಥಾನ್‌ನಲ್ಲಿ ಅಕ್ಷರ, ಅಂಕಿಗಳ ಸಾಲನ್ನು ಒಂದು ಪದವೆಂದು ಹಿಡಿಯುವ ಸಣ್ಣ ಸೂತ್ರವಿದೆ. ಅದನ್ನೇ ಹಾಕಿದಳು.

“ಮುತ್ಯಾ, ನಮ್ಮೂರು ಒಡದು ಹೋತು!”

ನೋಡಿದರೆ ಭಾಲ್ಕಿ ‘ಭ’, ‘ಲ’, ‘ಕ’ ಆಗಿತ್ತು. ಬೀದರ ‘ಬ’ ಮತ್ತು ‘ದರ’. ಯಾವುದರ ದರವೋ, ಅಂಗಡಿಯವರನ್ನೇ ಕೇಳಬೇಕು!

ಕಾರಣ ಇಷ್ಟೇ. ‘ಭಾಲ್ಕಿ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿನೊಳಗೆ ಆರು ಗುರುತು: ಭ, ಆಕಾರದ ಚಿಹ್ನೆ, ಲ, ಅರ್ಧಾಕ್ಷರದ ಚಿಹ್ನೆ, ಕ, ಇಕಾರದ ಚಿಹ್ನೆ. ಆ ಸೂತ್ರ ಕಾಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ. ಅವು ಬಂದಲ್ಲೆಲ್ಲ ಕತ್ತರಿ. ಇಂಗ್ಲಿಷಿಗೆ ಈ ತೊಂದರೆ ಬರುವುದೇ ಇಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು.

ಆಮೇಲೆ ಖಾಲಿ ಜಾಗ ಇದ್ದಲ್ಲಿ ಮಾತ್ರ ಒಡೆದಳು. ಊರು ಉಳಿಯಿತು. ಆದರೆ ‘ಆರಾಮ’ ಬೇರೆ, ‘ಆರಾಮ?’ ಬೇರೆ ಎಂದು ಲೆಕ್ಕ ಬಂತು! ಭಾರತೀಯ ಭಾಷೆಗಳಿಗೆಂದೇ ಮಾಡಿದ ‘ಇಂಡಿಕ್ ಎನ್‌ಎಲ್‌ಪಿ ಲೈಬ್ರರಿ’ ಎಂಬುದೊಂದಿದೆ. ಅದು ಪ್ರಶ್ನೆ ಚಿಹ್ನೆ, ಅಲ್ಪವಿರಾಮಗಳನ್ನು ಪದದಿಂದ ಬಿಡಿಸಿಡುತ್ತದೆ, ಕಾಗುಣಿತ ಮುಟ್ಟುವುದಿಲ್ಲ. ಅದರಿಂದ ಈ ಕೆಲಸ ಆಯ್ತು.

ಉಳಿದದ್ದು ಸಂಧಿ. ‘ಆರಾಮದೀರಿ’ ಅಂದರೆ ಆರಾಮ ಮತ್ತು ಅದೀರಿ. ನಡುವೆ ಜಾಗವಿಲ್ಲ, ಯಂತ್ರ ಒಂದೇ ಪದ ಅಂದಿತು. ನಮ್ಮ ಭಾಗದ ಹಳೇ ಮೋಡಿ ಲಿಪಿಯ ದಸ್ತಾವೇಜುಗಳಲ್ಲಂತೂ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ, ಓದುವವನೇ ಬಿಡಿಸಿಕೊಳ್ಳಬೇಕಿತ್ತು.

ಕೊನೆಗೆ ಮೊಮ್ಮಗಳು ಪೆನ್ಸಿಲ್ ಹಿಡಿದು ‘ಆರಾಮದೀರಿ’, ‘ಆರಾಮಿದ್ದೇವ’ ಎಲ್ಲವನ್ನೂ ಕೈಯಿಂದಲೇ ಬಿಡಿಸಿ ಕೂಡಿಸಿದಳು. ಯಂತ್ರದ ಪಟ್ಟಿಯಲ್ಲಿ ‘ಮತ್ತ’ ಎಂಬುದರ ಕೆಳಗಿದ್ದ ‘ಆರಾಮ’ ಮೇಲಕ್ಕೆ ಬಂತು. ಔರಾದಕ್ಕೆ ಫೋನ್ ಮಾಡಿ ಹೇಳಿದಳು. ಆ ಕಡೆ ತುಸು ಹೊತ್ತು ಮಾತೇ ಇರಲಿಲ್ಲ.

ಔರಾದದಲ್ಲಿ ನಾಲ್ಕು ಗುರುತು. ಹುಮನಾಬಾದದಲ್ಲಿ ಎಷ್ಟು? ಎಣಿಸಿ ನೋಡಿ.