ಮೂಗು ಮುರಿಯುವ ಮುನ್ನ

ಪತ್ತೇದಾರಿ ಕಾದಂಬರಿ ಎಂದೊಡನೆ ನಮ್ಮ ವಿದ್ವಜ್ಜನರು ಮೂಗು ಮುರಿಯುವುದುಂಟು. ಅಂಥವರು ಜಪಾನಿನ ಅಕಿರಾ ಕುರೋಸಾವಾ ೧೯೬೩ರಲ್ಲಿ ನಿರ್ದೇಶಿಸಿದ ‘ಸ್ವರ್ಗ ಮತ್ತು ನರಕ’ ಎಂಬರ್ಥದ ಹೆಸರಿನ ಚಿತ್ರವನ್ನು ಅವಶ್ಯ ನೋಡಬೇಕು.

ಅದಕ್ಕೆ ಮೂಲ, ಅಮೆರಿಕದ ಎಡ್ ಮೆಕ್‌ಬೇನ್ ೧೯೫೯ರಲ್ಲಿ ಪ್ರಕಟಿಸಿದ ‘ಕಿಂಗ್ಸ್ ರ‍್ಯಾನ್ಸಮ್’ ಎಂಬ ಪೊಲೀಸ್ ಕಾದಂಬರಿ. ಪಾದರಕ್ಷೆ ಕಂಪನಿಯ ಶ್ರೀಮಂತನೊಬ್ಬನ ಮಗನೆಂದು ಭ್ರಮಿಸಿ ಪಾತಕಿಗಳು ಅವನ ಕಾರು ಚಾಲಕನ ಮಗನನ್ನು ಅಪಹರಿಸುತ್ತಾರೆ. ಆದರೂ ಹಣ ಕೇಳುವುದು ಶ್ರೀಮಂತನನ್ನೇ. ಕೊಟ್ಟರೆ ಅವನ ಸರ್ವಸ್ವವೂ ಹೋದೀತು. ಕೊಡದಿದ್ದರೆ ಪರರ ಕೂಸು ಸತ್ತೀತು. ಕಾದಂಬರಿಯ ಶ್ರೀಮಂತ ಕೊಡಲೊಲ್ಲೆನೆನ್ನುತ್ತಾನೆ. ಚಿತ್ರದ ಗೊಂಡೊ ತೊಳಲಾಡಿ, ಕೊಟ್ಟು, ಬರಿಗೈಯಾಗುತ್ತಾನೆ. ಅಪರಾಧಿಯ ಶೋಧಕ್ಕೆ ಮೊದಲೇ ನೋಡುವವನ ಮನಸ್ಸಾಕ್ಷಿ ಶೋಧನೆಗೊಳಗಾಗುತ್ತದೆ.

ಈ ದಾರಿ ನಮಗೂ ಹೊಸತಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಸಂಖ್ಯ ಜನರಿಗೆ ಕನ್ನಡ ಓದಿನ ರುಚಿ ಹತ್ತಿಸಿದ. ಎಚ್. ಕೆ. ಅನಂತರಾವ್ ಅವರ ‘ಅಂತ’ ಕಾದಂಬರಿ ೧೯೮೧ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ಚಿತ್ರವಾಗಿ ಅಧಿಕಾರಸ್ಥರ ಪಾತಕವನ್ನೇ ಬಯಲಿಗೆಳೆಯಿತು. ಈ ಪ್ರಕಾರದಲ್ಲಿ ಜಳ್ಳು ಬಹಳವೆಂಬುದು ನಿಜ; ಗಟ್ಟಿಯನ್ನು ಆರಿಸುವುದು ಅಧ್ಯಾಪಕನ ಕೆಲಸ.

ಖಾನಾಪುರದ ಕಡೆಯಿಂದ ಬೆಳಗಾವಿಯ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಮನೆಮಾತು ಮರಾಠಿಯಾದವರು ಅನೇಕರು. ಅವರ ಕೈಗೆ ಮೊದಲೇ ಚಂಪೂಕಾವ್ಯವನ್ನಿತ್ತು, ಅವರಿಗೆ ಕನ್ನಡ ಒಲಿಯಲಿಲ್ಲವೆಂದು ಕೊರಗುವುದು ಎಷ್ಟರಮಟ್ಟಿಗೆ ನ್ಯಾಯ? ಮುಂದೇನಾಯಿತೆಂಬ ಕುತೂಹಲ ಭಾಷೆಯ ಅಂಜಿಕೆಯನ್ನು ಮರೆಸುತ್ತದೆ. ಅಂಜಿಕೆ ಬಿಟ್ಟವನು ನಾಳೆ ಪಂಪನ ಬಳಿಗೂ ಬಂದಾನು. ಪದವಿ ತರಗತಿಯ ಪಠ್ಯಗಳಲ್ಲಿ ಒಂದಾದರೂ ಒಳ್ಳೆಯ ಪತ್ತೇದಾರಿ ಕಾದಂಬರಿಗೆ ಎಡೆ ದೊರೆಯಲೆಂದು ಪಠ್ಯ ಆಯ್ಕೆ ಮಾಡುವ ಹಿರಿಯರಲ್ಲಿ ನನ್ನ ವಿನಂತಿ.