ನತಾಲೋ, ಯಲ್ದೋ, ಕ್ರಿಸ್ಮಸ್ಸೋ

ಡಿಸೆಂಬರ್ ಬಂತೆಂದರೆ ನಮ್ಮ ವಾಟ್ಸ್ಆ್ಯಪ್ ಬಳಗಗಳಲ್ಲಿ ಎರಡು ಸಂದೇಶಗಳು ತಪ್ಪದೆ ಸುತ್ತುತ್ತವೆ. ‘ಎಕ್ಸ್‌ಮಸ್’ ಎಂದು ಬರೆಯಬೇಡಿ, ಅದು ಕ್ರಿಸ್ತನ ಹೆಸರನ್ನೇ ಅಳಿಸುವ ಹುನ್ನಾರ ಎನ್ನುವುದು ಒಂದು. ‘ಹ್ಯಾಪಿ ಹಾಲಿಡೇಸ್’ ಎಂದು ಬೋರ್ಡು ಹಾಕಿದ ಅಂಗಡಿಗೆ ಕಾಲಿಡಬೇಡಿ ಎನ್ನುವುದು ಇನ್ನೊಂದು. ಪುತ್ತೂರು ಪೇಟೆಯಲ್ಲಿ ಅಂಥ ಬೋರ್ಡನ್ನು ನಾನಂತೂ ಕಂಡಿಲ್ಲ. ಅಮೆರಿಕದ ಜಗಳ ನಮ್ಮ ಮೊಬೈಲಿಗೆ ಪುಕ್ಕಟೆಯಾಗಿ ಬಂದಿದೆ, ಅಷ್ಟೆ. ಇನ್ನು ಆ ‘ಎಕ್ಸ್’, ಗ್ರೀಕ್ ಲಿಪಿಯಲ್ಲಿ ಕ್ರಿಸ್ತ ಎಂಬ ಹೆಸರಿನ ಮೊದಲ ಅಕ್ಷರ. ಹಿಂದಿನ ಕ್ರೈಸ್ತರು ಭಕ್ತಿಯಿಂದಲೇ ಬಳಸಿದ್ದು.

ಹಬ್ಬಕ್ಕೆ ಒಂದೇ ಹೆಸರಿರಬೇಕೆಂದು ನಮ್ಮ ಊರು ಯಾವತ್ತೂ ಹಟ ಹಿಡಿದಿಲ್ಲ. ಪುತ್ತೂರಿನ ಮಾಯ್ ದೆ ದೇವುಸ್ ಚರ್ಚಿನ ಕೊಂಕಣಿ ಮನೆಗಳಲ್ಲಿ ಅದು ನತಾಲ್. ಕೇರಳದಿಂದ ಬಂದು ಕಡಬ, ನೆಲ್ಯಾಡಿ, ಇಚಿಲಂಪಾಡಿಗಳಲ್ಲಿ ರಬ್ಬರ್ ಬೆಳೆಸಿ ನೆಲೆಯೂರಿದ ಸುರಿಯಾನಿ ಕುಟುಂಬಗಳ ಬಾಯಲ್ಲಿ ಯಲ್ದೋ ಪೆರುನ್ನಾಳ್. ಕನ್ನಡದ ಆರಾಧನೆಯಲ್ಲಿ ಕ್ರಿಸ್ತ ಜಯಂತಿ. ನೆರೆಯ ತುಳುವರಿಗೆ ಪೊರ್ಬುಲೆನ ಪರ್ಬ, ಅಂದರೆ ಕ್ರೈಸ್ತರ ಹಬ್ಬ. ಯಾರೂ ಯಾರನ್ನೂ ತಿದ್ದಲಿಲ್ಲ. ಹಬ್ಬದ ತಿಂಡಿಗಳ, ಅಂದರೆ ಕುಸ್ವಾರಿನ, ತಟ್ಟೆ ಬೇಲಿ ದಾಟುವುದೂ ನಿಲ್ಲಲಿಲ್ಲ.

ಹೆಸರಿನ ಮಾತಿರಲಿ, 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್ ಆಚರಣೆಯನ್ನೇ ನಿಷೇಧಿಸಿತು. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಬೇ ವಸಾಹತು ಹಬ್ಬ ಮಾಡಿದವರಿಗೆ ಐದು ಶಿಲಿಂಗ್ ದಂಡ ಹಾಕಿತು. ನಿಷೇಧಿಸಿದವರು ಕಟ್ಟಾ ಕ್ರೈಸ್ತರೇ. ಬೈಬಲಿನಲ್ಲಿ ಇಲ್ಲದ ಹಬ್ಬ ನಮಗೇಕೆ ಎಂಬುದು ಅವರ ವಾದ. ಹಬ್ಬವೇ ಇಲ್ಲದೆ ಉಳಿದ ನಂಬಿಕೆ ಒಂದು ಬೋರ್ಡಿಗೆ ಹೆದರಬೇಕೆ?

ನೋಯಿಸುವ ಸಂಗತಿಗಳು ಇಲ್ಲವೆಂದಲ್ಲ. 2021ರ ಡಿಸೆಂಬರಿನಲ್ಲಿ ಪಾಂಡವಪುರದ ಶಾಲೆಯೊಂದಕ್ಕೆ ಕೆಲವರು ನುಗ್ಗಿ ಕ್ರಿಸ್ಮಸ್ ಆಚರಣೆಗೆ ಅಡ್ಡಿಪಡಿಸಿದರು. ಅಂಥ ಕಡೆ ಕಾನೂನನ್ನು ಹಿಡಿದು ಗಟ್ಟಿಯಾಗಿ ಕೇಳಬೇಕು. ಆದರೆ ಶುಭಾಶಯ ಹೇಳಲು ಮರೆತ ನೆರೆಮನೆಯವರನ್ನೂ ಅದೇ ತಕ್ಕಡಿಗೆ ಹಾಕಬಾರದು. ಶುಭಾಶಯ ಕೊಟ್ಟರೆ ಸಂತೋಷ. ಸಾಲದಂತೆ ವಸೂಲಿಗೆ ಹೊರಟರೆ ಹಬ್ಬ ಕೆಡುತ್ತದೆ.

ನಮಗೆ ಬೇರೆ ಕೆಲಸವಿದೆ. 1964ರ ಭಾರತ–ಲಂಕಾ ಒಪ್ಪಂದದ ಬಳಿಕ ಅಲ್ಲಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡಿದ ತಮಿಳು ಕುಟುಂಬಗಳಿವೆ. ಬೆತ್ಲೆಹೇಮಿನಲ್ಲಿ ತಂಗಲು ಜಾಗ ಸಿಗದ ದಂಪತಿಯ ಕಥೆಯನ್ನು ವರ್ಷವರ್ಷವೂ ಓದುವ ನಾವು, ಅವರ ಲೈನ್ ಮನೆಗಳ ದಾರಿ ಕೇಳಿ ತಿಳಿಯುವಂತಾಗಬಾರದು.

ಕಡಬ ತಾಲ್ಲೂಕಿನ ಕೊಯಿಲದಲ್ಲಿ ಎಂಡೋಸಲ್ಫಾನ್ ಸಂತ್ರಸ್ತರ ಪಾಲನಾ ಕೇಂದ್ರವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷ ಅದು. ದೇಶದಲ್ಲಿ ಅದರ ಬಳಕೆಯನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಹಾಸಿಗೆಯಲ್ಲೇ ಬೆಳೆದ ಮಕ್ಕಳನ್ನು ಎತ್ತಿ ಮೀಯಿಸುವ ತಾಯಂದಿರಿಗೆ ಈಗ ಪ್ರಾಯವಾಗಿದೆ. ಹಾಲಿಡೇ ಎನ್ನಬೇಕೇ ಬೇಡವೇ ಎಂದು ನಾವು ಜಗಳಾಡುತ್ತಿದ್ದೇವೆ. ಅವರಿಗೆ ಒಂದು ದಿನದ ರಜೆ ಸಿಕ್ಕಿ ಎಷ್ಟು ವರ್ಷವಾಯಿತೋ!

ಈ ಸಲ ಕುಸ್ವಾರು ಹಿಡಿದು ಅಂಥ ಒಂದು ಮನೆಗೆ ಹೋಗೋಣ. ತಟ್ಟೆ ಕೊಟ್ಟು, ಫೋಟೊ ತೆಗೆದು ವಾಪಸ್ ಬರುವುದು ಬೇಡ. ಎರಡು ಗಂಟೆ ಆ ಮಗುವಿನ ಪಕ್ಕ ಕೂರೋಣ, ತಾಯಿ ಪೇಟೆಗೆ ಹೋಗಿ ಬರಲಿ. ಮರಳಿ ಬಂದವರು ಯಾವ ಶುಭಾಶಯವನ್ನೂ ಹೇಳದೆ, ‘ಚಾ ಕುಡಿದು ಹೋಗಿ’ ಎಂದರೆ ಸಾಕು.